ಎಷ್ಟು ಉಲ್ಲೇಖ ಎಂದು ಬರೆದಿರಿ, ಕಂಡುಹಿಡಿದದ್ದೇನು ಎಂದೂ ಬರೆಯಿರಿ

ಸಂಪಾದಕರಿಗೆ,

ಮಾನ್ಯರೇ,

ಪ್ರತಿ ವರ್ಷ ಸೆಪ್ಟೆಂಬರ್ ಕಳೆಯುತ್ತಿದ್ದಂತೆ ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಬಗೆಯ ಸುದ್ದಿ ಸಾಲುಗಟ್ಟಿ ಬರುತ್ತದೆ. ಇಂಥ ವಿಶ್ವವಿದ್ಯಾಲಯದ ಇಷ್ಟು ಮಂದಿ ಪ್ರಾಧ್ಯಾಪಕರು ಜಗತ್ತಿನ ಶೇ 2ರಷ್ಟು ಅಗ್ರ ವಿಜ್ಞಾನಿಗಳ ಪಟ್ಟಿ ಸೇರಿದ್ದಾರೆ, ಅವರಲ್ಲೊಬ್ಬರು ಇಷ್ಟು ಪ್ರಬಂಧಗಳನ್ನು ಪ್ರಕಟಿಸಿದ್ದಾರೆ, ಅವನ್ನು ಬೇರೆ ಪ್ರಬಂಧಗಳು ಹೆಸರಿಸಿದ್ದು, ಅಂದರೆ ಅವಕ್ಕೆ ಬಂದ ಉಲ್ಲೇಖಗಳು, ಇಷ್ಟು ಸಾವಿರ, ಎಚ್‌–ಇಂಡೆಕ್ಸ್ ಇಷ್ಟು, ಕುಲಪತಿ ಮತ್ತು ಕುಲಸಚಿವರು ಅಭಿನಂದಿಸಿದ್ದಾರೆ. ಪಕ್ಕದಲ್ಲಿ ಪಾಸ್‌ಪೋರ್ಟ್ ಅಳತೆಯ ಒಂದು ಫೋಟೊ. ಮೂವತ್ತು ವರ್ಷ ಪದವಿ ತರಗತಿಗಳಿಗೆ ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತನಾದ ನಾನು ಈ ಸುದ್ದಿಗಳನ್ನು ಒಂದೂ ಬಿಡದೆ ಓದುತ್ತೇನೆ, ಓದಿ ಮುಗಿದ ಮೇಲೆ ಪ್ರತಿ ಸಲವೂ ಅದೇ ಪ್ರಶ್ನೆ ಉಳಿಯುತ್ತದೆ: ಅವರು ಕಂಡುಹಿಡಿದದ್ದು ಏನು? ಈಚೆಗೆ ನರವಿಜ್ಞಾನದಲ್ಲಿ ಕೆಲಸ ಮಾಡುವ ಒಬ್ಬ ವಿದ್ವಾಂಸರ ಬಗ್ಗೆ ಬಂದ ಸುದ್ದಿಯಲ್ಲಿ ಏಳು ಅಂಕಿಗಳಿದ್ದವು, ಮೆದುಳು ಎಂಬ ಪದ ಒಮ್ಮೆಯೂ ಇರಲಿಲ್ಲ.

ಯಾರ ಸಾಧನೆಯನ್ನೂ ಕಿರಿದು ಮಾಡುವುದು ಈ ಪತ್ರದ ಉದ್ದೇಶವಲ್ಲ. ಆದರೆ ಮೊದಲು ಒಂದು ತಿದ್ದುಪಡಿ ಆಗಬೇಕು. ಈ ಪಟ್ಟಿಯನ್ನು ‘ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯ ನೀಡುವ ಗೌರವ’ ಎಂದು ಬರೆಯುವ ರೂಢಿ ಬೆಳೆದುಬಿಟ್ಟಿದೆ. ಇದು ಪ್ರಶಸ್ತಿಯೇ ಅಲ್ಲ. ಆಯ್ಕೆ ಸಮಿತಿಯೊಂದು ಕುಳಿತು ಯಾರ ಪ್ರಬಂಧವನ್ನೂ ಓದಿ ತೂಗಿರುವುದಿಲ್ಲ. ಅಲ್ಲಿನ ಪ್ರಾಧ್ಯಾಪಕ ಜಾನ್ ಅಯೋನಿಡಿಸ್ ಮತ್ತು ಸಂಗಡಿಗರು, ಎಲ್ಸವಿಯರ್ ಎಂಬ ಪ್ರಕಾಶನ ಸಂಸ್ಥೆಯ ಸ್ಕೋಪಸ್ ದತ್ತಾಂಶವನ್ನು ಇಟ್ಟುಕೊಂಡು, 2019ರಿಂದ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೊರತರುತ್ತಿರುವ ಕೋಷ್ಟಕ ಅದು. ಅದರಲ್ಲಿ ಇಡೀ ವೃತ್ತಿಜೀವನದ ಲೆಕ್ಕ ಬೇರೆ, ಒಂದೇ ವರ್ಷದ ಲೆಕ್ಕ ಬೇರೆ. ನಮ್ಮ ವರದಿಗಳಲ್ಲಿ ಎರಡೂ ಕಲಸಿಹೋಗಿ, ಒಂದು ವರ್ಷದ ಪಟ್ಟಿಯಲ್ಲಿ ಬಂದವರು ಜೀವಮಾನದ ಸಾಧಕರಾಗಿ ಕಾಣಿಸುತ್ತಾರೆ. ತನ್ನ ಪ್ರಬಂಧವನ್ನು ತಾನೇ ಉಲ್ಲೇಖಿಸಿಕೊಂಡದ್ದನ್ನು ಕಳೆದ ಮೇಲೆ ಉಳಿಯುವುದೆಷ್ಟು ಎಂಬ ಲೆಕ್ಕವೂ ಅದೇ ಕೋಷ್ಟಕದಲ್ಲಿದೆ. ವರದಿಗಾರರು ಆ ಕಡೆ ಕಣ್ಣು ಹಾಯಿಸಿದ್ದನ್ನು ನಾನಂತೂ ಕಂಡಿಲ್ಲ.

ಉಲ್ಲೇಖ ಎಣಿಸುವ ಪದ್ಧತಿ ಹುಟ್ಟಿದ್ದು ವಿಜ್ಞಾನಿಗಳನ್ನು ಸಾಲಾಗಿ ನಿಲ್ಲಿಸುವುದಕ್ಕಲ್ಲ. ಅಮೆರಿಕದ ವಕೀಲರ ಬಳಿ, ಯಾವ ತೀರ್ಪನ್ನು ಮುಂದಿನ ಯಾವ ತೀರ್ಪುಗಳು ಎತ್ತಿ ಹೇಳಿವೆ ಎಂದು ತೋರಿಸುವ ಸೂಚಿಯೊಂದು ಹತ್ತೊಂಬತ್ತನೆಯ ಶತಮಾನದಿಂದಲೂ ಇತ್ತು. ಅದನ್ನು ಕಂಡು ಯೂಜೀನ್ ಗಾರ್ಫೀಲ್ಡ್ ಎಂಬವರು 1955ರಲ್ಲಿ ವಿಜ್ಞಾನಕ್ಕೂ ಅಂಥದೊಂದು ಸೂಚಿ ಬೇಕೆಂದು ಬರೆದರು, 1964ರ ಹೊತ್ತಿಗೆ ಅದನ್ನು ಪ್ರಕಟಿಸಿಯೂ ಬಿಟ್ಟರು. ಒಂದು ವಿಚಾರ ಎಲ್ಲಿಂದ ಹೊರಟು ಎಲ್ಲೆಲ್ಲಿ ಹರಿಯಿತು ಎಂದು ಹುಡುಕಿಕೊಳ್ಳಲು ಅದು ಬಹಳ ಒಳ್ಳೆಯ ಸಾಧನ, ಇವತ್ತಿಗೂ. ಆ ಹುಡುಕಾಟದ ಸಾಧನ ತಕ್ಕಡಿಯಾದದ್ದು ಆಮೇಲೆ.

ಎಚ್‌–ಇಂಡೆಕ್ಸ್ ಅದಕ್ಕಿಂತ ಈಚಿನದು. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ್ದು. ಒಬ್ಬರ 20 ಪ್ರಬಂಧಗಳಿಗೆ ಒಂದೊಂದಕ್ಕೂ ಕನಿಷ್ಠ 20 ಉಲ್ಲೇಖಗಳಿದ್ದರೆ ಅವರ ಸೂಚ್ಯಂಕ 20. ಕೇಳಲು ಸರಳ. ಆದರೆ ಇನ್ನೊಬ್ಬರು ಜೀವಮಾನದಲ್ಲಿ ಐದೇ ಪ್ರಬಂಧ ಬರೆದು, ಅವು ಒಂದೊಂದೂ 2,000 ಸಲ ಉಲ್ಲೇಖಗೊಂಡಿದ್ದರೂ ಅವರ ಸೂಚ್ಯಂಕ ಐದನ್ನು ದಾಟುವುದಿಲ್ಲ. ಮೊದಲನೆಯವರಿಗೆ ಬಂದ ಒಟ್ಟು ಉಲ್ಲೇಖ 400 ಆಗಿರಬಹುದು, ಎರಡನೆಯವರದು 10,000. ಕೆಟ್ಟ ಲೆಕ್ಕವೇನಲ್ಲ ಇದು. ತಡೆಯಿಲ್ಲದೆ ಬರೆಯುತ್ತ ಹೋಗುವವರನ್ನು ಹಿಡಿದು ತೋರಿಸುವ ಲೆಕ್ಕ, ಅಷ್ಟೆ.

ಇನ್ನು ಯಾವುದು ಹೆಚ್ಚು ಉಲ್ಲೇಖಗೊಳ್ಳುತ್ತದೆ ಎಂಬುದನ್ನು ನೋಡಬೇಕು. ನೇಚರ್ ಪತ್ರಿಕೆ 2014ರಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ನೂರು ಪ್ರಬಂಧಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನದಲ್ಲಿದ್ದದ್ದು, ದ್ರಾವಣದಲ್ಲಿ ಪ್ರೊಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ ಹೇಳುವ 1951ರ ಪ್ರಬಂಧ. ಅದಕ್ಕೆ ಮೂರು ಲಕ್ಷಕ್ಕೂ ಮಿಕ್ಕಿ ಉಲ್ಲೇಖ. ಡಿಎನ್‌ಎ ರಚನೆಯನ್ನು ತಿಳಿಸಿದ 1953ರ ಪ್ರಬಂಧ ಆ ನೂರರಲ್ಲೇ ಇರಲಿಲ್ಲ. ನರವಿಜ್ಞಾನದಲ್ಲೂ ಹೀಗೆಯೇ. ಲಂಡನ್ನಿನ ಕಾರ್ಲ್ ಫ್ರಿಸ್ಟನ್ ಅವರ ಹೆಸರು ಇಂಥ ಪಟ್ಟಿಗಳಲ್ಲಿ ಮೇಲೆಯೇ ಇರುತ್ತದೆ. ಅದಕ್ಕೆ ದೊಡ್ಡ ಕಾರಣ, ಮೆದುಳಿನ ಸ್ಕ್ಯಾನ್ ಚಿತ್ರಗಳನ್ನು ವಿಶ್ಲೇಷಿಸುವ ತಂತ್ರಾಂಶವೊಂದನ್ನು ಅವರು 1990ರ ದಶಕದ ಆರಂಭದಲ್ಲಿ ರೂಪಿಸಿ ಎಲ್ಲರಿಗೂ ಉಚಿತವಾಗಿ ಹಂಚಿದರು. ಬಳಸಿದವರೆಲ್ಲ ಉಲ್ಲೇಖಿಸಿದರು. ಅದು ನಿಜವಾದ ಉಪಕಾರ, ಫ್ರಿಸ್ಟನ್ ದೊಡ್ಡ ಚಿಂತಕರೂ ಹೌದು. ಆದರೆ ಒಳ್ಳೆಯ ಕುಡುಗೋಲು ಮಾಡಿಕೊಟ್ಟ ಕಮ್ಮಾರನನ್ನೂ ಹೊಸ ತಳಿ ಕಂಡುಹಿಡಿದ ರೈತನನ್ನೂ ಒಂದೇ ಅಂಕಿಯಿಂದ ಅಳೆದರೆ ಇಬ್ಬರ ಕೆಲಸವೂ ನಮಗೆ ಅರ್ಥವಾಗುವುದಿಲ್ಲ.

ಈ ಮಾತನ್ನು ನಮ್ಮ ನೆಲದ ಒಬ್ಬರ ಮೂಲಕ ಹೇಳಿದರೆ ಹೆಚ್ಚು ಸ್ಪಷ್ಟವಾದೀತು. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವನ್ನು, ಅಂದರೆ ಎನ್‌ಸಿಬಿಎಸ್ ಅನ್ನು, ಕಟ್ಟಿದ ಒಬೈದ್ ಸಿದ್ದೀಕಿ ಅವರ ಹೆಸರು ವಿಜ್ಞಾನ ಓದಿದವರಿಗಾದರೂ ಗೊತ್ತಿರಬೇಕು. 1932ರಲ್ಲಿ ಉತ್ತರ ಪ್ರದೇಶದ ಬಸ್ತಿಯಲ್ಲಿ ಹುಟ್ಟಿ, ಅಲೀಗಢದಲ್ಲಿ ಓದಿ, ಗ್ಲಾಸ್ಗೋದಲ್ಲಿ ಗೀಡೊ ಪೊಂಟೆಕೊರ್ವೊ ಅವರ ಬಳಿ ಪಿಎಚ್‌.ಡಿ ಮಾಡಿದವರು. ಪ್ರೊಟೀನ್ ಕಟ್ಟುವ ಕೆಲಸದಲ್ಲಿ ‘ಇಲ್ಲಿಗೆ ನಿಲ್ಲಿಸು’ ಎನ್ನುವ ಸಂಕೇತವೊಂದು ವಂಶವಾಹಿಯಲ್ಲೇ ಇದೆ ಎಂಬ ತಿಳಿವಳಿಕೆಗೆ ದಾರಿ ಮಾಡಿದ ಕೆಲಸವನ್ನು ಅಮೆರಿಕದಲ್ಲಿ ಅಲನ್ ಗಾರೆನ್ ಜೊತೆಗೂಡಿ ಮಾಡಿದರು. ಆಮೇಲೆ ಹೋಮಿ ಭಾಭಾ ಅವರ ಕರೆಗೆ ಓಗೊಟ್ಟು 1962ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದರು. ನಲವತ್ತರ ಆಸುಪಾಸಿನಲ್ಲಿ, ಬ್ಯಾಕ್ಟೀರಿಯಾ ತಳಿವಿಜ್ಞಾನದಲ್ಲಿ ಸಂಪಾದಿಸಿದ ಹೆಸರನ್ನು ಪಕ್ಕಕ್ಕಿಟ್ಟು, ಹಣ್ಣಿನ ನೊಣದ ನರಮಂಡಲದತ್ತ ಹೊರಳಿದರು. ಅಂಕಿಗಳ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ದಡ್ಡತನದ ನಿರ್ಧಾರ ಇರಲಾರದು. ಹೊಸ ಕ್ಷೇತ್ರದಲ್ಲಿ ಎಲ್ಲವನ್ನೂ ಸೊನ್ನೆಯಿಂದ ಎಣಿಸಬೇಕು.

ಮಾಡಿದ್ದೇನು? ಬಾಳೆಹಣ್ಣು ಕೊಳೆತರೆ ನಮ್ಮ ಅಡುಗೆಮನೆಯಲ್ಲಿ ಮುತ್ತಿಕೊಳ್ಳುವ ಆ ಸಣ್ಣ ನೊಣಗಳಲ್ಲಿ ಕೆಲವು, ವಂಶವಾಹಿಯ ಉತ್ಪರಿವರ್ತನೆಯಿಂದಾಗಿ, ಕಾವು ಹೆಚ್ಚಾದೊಡನೆ ಕೈಕಾಲು ಸೋತು ಬಿದ್ದುಬಿಡುತ್ತವೆ, ತಣ್ಣಗಾದರೆ ಮತ್ತೆ ಎದ್ದು ಓಡಾಡುತ್ತವೆ. ಇಂಥ ನೊಣ ಸಿಕ್ಕರೆ, ನರದ ಯಾವ ಭಾಗ ಕೆಟ್ಟಿದೆ ಎಂದು ಬೇಕಾದಾಗ ನಿಲ್ಲಿಸಿ, ಬೇಕಾದಾಗ ಚಾಲೂ ಮಾಡಿ ನೋಡಬಹುದು. ಕ್ಯಾಲಿಫೋರ್ನಿಯಾದಲ್ಲಿ ಸೀಮೋರ್ ಬೆಂಜರ್ ಅವರ ಜೊತೆ ಸೇರಿ ಸಿದ್ದೀಕಿ ಈ ಬಗೆಯ ನೊಣಗಳ ನರ ಮತ್ತು ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದು 1976ರಲ್ಲಿ ಪ್ರಕಟಿಸಿದರು. ಅವುಗಳಲ್ಲೊಂದು ತಣ್ಣಗಾದ ಮೇಲೂ ಬಹಳ ನಿಧಾನವಾಗಿ ಚೇತರಿಸಿಕೊಳ್ಳುತ್ತಿತ್ತು, ಅದಕ್ಕೆ ಕೋಮಟೋಸ್ ಎಂದು ಹೆಸರಿಟ್ಟರು. ಆ ವಂಶವಾಹಿ ಯಾವ ಪ್ರೊಟೀನಿನದು ಎಂದು ಗೊತ್ತಾದದ್ದು ಸುಮಾರು ಇಪ್ಪತ್ತು ವರ್ಷಗಳ ನಂತರ, 1990ರ ದಶಕದ ನಡುಭಾಗದಲ್ಲಿ. ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸುವ ರಾಸಾಯನಿಕ ತುಂಬಿದ ಸಣ್ಣ ಚೀಲಗಳನ್ನು ನಿಭಾಯಿಸಲು ಬೇಕಾದ ಎನ್‌ಎಸ್‌ಎಫ್ ಎಂಬ ಪ್ರೊಟೀನ್ ಅದು. ಅದೇ ಪ್ರೊಟೀನನ್ನು ಬೇರೆ ದಾರಿಯಲ್ಲಿ, ಕೋಶಗಳನ್ನು ಒಡೆದು ಶೋಧಿಸಿ, ಪ್ರತ್ಯೇಕಿಸಿದವರು ಜೇಮ್ಸ್ ರಾಥ್‌ಮನ್. ಕೋಶದೊಳಗಿನ ಈ ಸಾಗಾಟ ವ್ಯವಸ್ಥೆಯ ಶೋಧಕ್ಕಾಗಿ ಅವರಿಗೆ ಇನ್ನಿಬ್ಬರ ಜೊತೆ 2013ರಲ್ಲಿ ನೊಬೆಲ್ ಬಂತು. ಅದೇ ವರ್ಷದ ಜುಲೈ 26ರಂದು, ರಸ್ತೆ ಅಪಘಾತದಲ್ಲಿ ಗಾಯಗೊಂಡಿದ್ದ ಸಿದ್ದೀಕಿ ಬೆಂಗಳೂರಿನಲ್ಲಿ ತೀರಿಕೊಂಡಿದ್ದರು.

ನೊಬೆಲ್ ಅವರಿಗೆ ಸಲ್ಲಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಸಿದ್ದೀಕಿ ಹಿಡಿದದ್ದು ಎಳೆಯ ಒಂದು ತುದಿ, ರಾಥ್‌ಮನ್ ಹಿಡಿದದ್ದು ಇನ್ನೊಂದು ತುದಿ. ಎರಡೂ ಒಂದೇ ಎಳೆ ಎಂದು ತಿಳಿಯಲು ಮೂರನೆಯವರು ಬೇಕಾದರು. ಹೀಗೆ ತಿಳಿದ ಮೇಲೆ ಬರೆಯುವವರು ಸಾಮಾನ್ಯವಾಗಿ ಹೊಸ ಪ್ರಬಂಧವನ್ನೋ ಎಲ್ಲವನ್ನೂ ಕ್ರೋಡೀಕರಿಸಿದ ವಿಮರ್ಶಾ ಲೇಖನವನ್ನೋ ಉಲ್ಲೇಖಿಸುತ್ತಾರೆ. ಬೇರು ಮಣ್ಣಿನೊಳಗೇ ಉಳಿಯುತ್ತದೆ. ಇದೇ ವರ್ಗದ ಮತ್ತೊಂದು ನೊಣವಿದೆ, ಕೆನಡಾದ ಡೇವಿಡ್ ಸುಝುಕಿ ಅವರ ತಂಡ 1971ರಲ್ಲಿ ವರದಿ ಮಾಡಿದ ‘ಪ್ಯಾರಾ’. ಅದರ ವಂಶವಾಹಿ ನರತಂತುವಿನೊಳಕ್ಕೆ ಸೋಡಿಯಂ ಬಿಡುವ ಬಾಗಿಲಿನದು ಎಂದು 1989ರಲ್ಲಿ ತಿಳಿಯಿತು. ಎಳೆಯ ಮಕ್ಕಳ ಒಂದು ಬಗೆಯ ತೀವ್ರ ಮೂರ್ಛೆರೋಗಕ್ಕೆ ಕಾರಣವಾಗುವುದು ಮನುಷ್ಯನಲ್ಲಿರುವ ಅದರ ಬಂಧು ವಂಶವಾಹಿಯ ದೋಷವೇ. ಅಷ್ಟು ದೂರ ಹೋಗುವುದೂ ಬೇಡ, ಸೊಳ್ಳೆಬತ್ತಿಯ ಹೊಗೆಯಲ್ಲಿರುವ ವಿಷ ಸೊಳ್ಳೆಯಲ್ಲಿ ಹಿಡಿದುಕೊಳ್ಳುವುದು ಇದೇ ಬಾಗಿಲನ್ನು. ಆ ಬಾಗಿಲು ತುಸು ಬದಲಾದ ಸೊಳ್ಳೆಗಳು ವಿಷಕ್ಕೆ ಜಗ್ಗುವುದಿಲ್ಲ. ಬಿದ್ದು ಏಳುವ ನೊಣದಿಂದ ನಮ್ಮ ಮಲಗುವ ಕೋಣೆಯ ತನಕ ಬಂದ ಈ ದಾರಿಯನ್ನು ಯಾವ ಸೂಚ್ಯಂಕ ತೋರಿಸೀತು?

ಸಿದ್ದೀಕಿ ಅವರ ಇನ್ನೊಂದು ಪ್ರಬಂಧದ ಕತೆ ಇನ್ನೂ ಹತ್ತಿರದ್ದು. ವೆರೋನಿಕಾ ರಾಡ್ರಿಗ್ಸ್ ಎಂಬ ಶಿಷ್ಯೆಯೊಂದಿಗೆ ಸಿದ್ದೀಕಿ, ನೊಣಕ್ಕೆ ವಾಸನೆ ಮತ್ತು ರುಚಿ ಹೇಗೆ ತಿಳಿಯುತ್ತದೆ ಎಂಬುದನ್ನು ಹಿಡಿಯಲು ಹೊರಟರು. ಇಂಗ್ಲಿಷಿನ ವೈ ಅಕ್ಷರದ ಆಕಾರದ ಕವಲುಕೊಳವೆ, ಒಂದು ಕವಲಿನಿಂದ ವಾಸನೆಯ ಗಾಳಿ, ಇನ್ನೊಂದರಿಂದ ಬರಿ ಗಾಳಿ. ನೊಣ ಯಾವ ಕಡೆ ಹೋಗುತ್ತದೆ ಎಂದು ಎಣಿಸುವುದು. ಪದವಿ ಕಾಲೇಜಿನ ಲ್ಯಾಬಿನಲ್ಲೂ ಮಾಡಿ ತೋರಿಸಬಹುದಾದಷ್ಟು ಸರಳ. ಹೀಗೆ ಎಣಿಸುತ್ತಾ, ಕೆಲವು ವಾಸನೆಗಳಿಗೆ ಮಾತ್ರ ಮೂಗು ಕಟ್ಟಿದ, ಉಳಿದವಕ್ಕೆ ಸರಿಯಾಗಿಯೇ ಇರುವ ನೊಣಗಳನ್ನು ಅವರು ಬೇರ್ಪಡಿಸಿದರು. ಬೇರೆ ಬೇರೆ ವಾಸನೆಗಳಿಗೆ ಬೇರೆ ಬೇರೆ ವಂಶವಾಹಿಗಳು ಬೇಕು ಎಂಬುದರ ಸುಳಿವು ಅದು. ಈ ಕೆಲಸ 1978ರಲ್ಲಿ ಪ್ರಕಟವಾದದ್ದು ಲಂಡನ್ನಿನಲ್ಲೂ ಅಲ್ಲ, ನ್ಯೂಯಾರ್ಕಿನಲ್ಲೂ ಅಲ್ಲ, ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕದಲ್ಲಿ. ಇಲಿಯ ಮೂಗಿನಲ್ಲಿ ವಾಸನೆ ಹಿಡಿಯುವ ಪ್ರೊಟೀನುಗಳ ದೊಡ್ಡ ಬಳಗವಿದೆ ಎಂದು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ತೋರಿಸಿದ್ದು 1991ರಲ್ಲಿ, ನೊಣದಲ್ಲಿ ಅಂಥವು ಸಿಕ್ಕಿದ್ದು 1999ರಲ್ಲಿ. ಇಂದು ಯಾವ ತರುಣ ವಿಜ್ಞಾನಿಯಾದರೂ ಅಂಥ ಫಲಿತಾಂಶವನ್ನು ಬೆಂಗಳೂರಿನ ನಿಯತಕಾಲಿಕಕ್ಕೆ ಕಳಿಸುತ್ತೇನೆಂದರೆ, ಅದರ ಇಂಪ್ಯಾಕ್ಟ್ ಫ್ಯಾಕ್ಟರ್ (ಅಲ್ಲಿನ ಪ್ರಬಂಧಗಳಿಗೆ ಬರುವ ಸರಾಸರಿ ಉಲ್ಲೇಖ) ಕಡಿಮೆ, ಬೇಡ ಎಂದು ಮೊದಲು ತಡೆಯುವವರು ಅವರ ಮಾರ್ಗದರ್ಶಕರೇ.

ಸಿದ್ದೀಕಿ ಪ್ರಬಂಧಗಳ ರಾಶಿ ಹಾಕಿದವರಲ್ಲ. ರಾಯಲ್ ಸೊಸೈಟಿಯ ಸದಸ್ಯತ್ವ ಮತ್ತು ಪದ್ಮಭೂಷಣ 1984ರಲ್ಲಿ, ಪದ್ಮವಿಭೂಷಣ 2006ರಲ್ಲಿ ಬಂದವು. ಅವುಗಳ ಹಿಂದೆ ಓದಿ ತೂಗಿದ ಮನುಷ್ಯರಿದ್ದರು. ಎನ್‌ಸಿಬಿಎಸ್ ಕಟ್ಟಲು ಅವರು ವ್ಯಯಿಸಿದ ವರ್ಷಗಳಿಗೆ ಯಾವ ಉಲ್ಲೇಖವೂ ಇಲ್ಲ. ರಾಡ್ರಿಗ್ಸ್ ಕೂಡ ಕೊನೆಗೆ ಅಲ್ಲಿಯೇ ಕೆಲಸ ಮಾಡುತ್ತಿದ್ದರು, 2010ರಲ್ಲಿ ತೀರಿಕೊಂಡರು. ಇವರಿಬ್ಬರ ಕೈಯಲ್ಲಿ ಶುರುವಾದ ನೊಣದ ಕೆಲಸ ಇಂದು ದೇಶದ ಹಲವು ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ. ಶಿಷ್ಯರ ಶಿಷ್ಯರ ಪ್ರಬಂಧಕ್ಕೆ ಬಂದ ಉಲ್ಲೇಖ ಗುರುವಿನ ಖಾತೆಗೆ ಜಮಾ ಆಗುವುದಿಲ್ಲವಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ನರವಿಜ್ಞಾನದಲ್ಲೇ ಇದೆ. ಆಲ್‌ಝೈಮರ್ ಕಾಯಿಲೆಯಲ್ಲಿ ನೆನಪು ಅಳಿಯುವುದಕ್ಕೆ ಒಂದು ನಿರ್ದಿಷ್ಟ ಪ್ರೊಟೀನ್ ಗುಂಪು ಕಾರಣವೆಂದು ಹೇಳಿದ, ಮಿನ್ನೆಸೋಟ ವಿಶ್ವವಿದ್ಯಾಲಯದಿಂದ ಬಂದ ಪ್ರಬಂಧ 2006ರಲ್ಲಿ ನೇಚರ್‌ನಲ್ಲಿ ಪ್ರಕಟವಾಯಿತು. ಎರಡು ಸಾವಿರಕ್ಕೂ ಹೆಚ್ಚು ಪ್ರಬಂಧಗಳು ಅದನ್ನು ಉಲ್ಲೇಖಿಸಿದವು. ಅದರಲ್ಲಿನ ಚಿತ್ರಗಳನ್ನು ತಿದ್ದಿರುವಂತಿದೆ ಎಂಬ ಅನುಮಾನವನ್ನು ಮ್ಯಾಥ್ಯೂ ಶ್ರಾಗ್ ಎಂಬ ತಜ್ಞ ಎತ್ತಿದ್ದು 2022ರಲ್ಲಿ ಬಹಿರಂಗವಾಯಿತು, 2024ರಲ್ಲಿ ಪ್ರಬಂಧವನ್ನು ಹಿಂದಕ್ಕೆ ಪಡೆಯಲಾಯಿತು. ಹದಿನೆಂಟು ವರ್ಷ ಆ ಅಂಕಿ ಏರುತ್ತಲೇ ಇತ್ತು. ಇದನ್ನು ಪ್ರಸ್ತಾಪಿಸುತ್ತಿರುವುದು ಹೆಚ್ಚು ಉಲ್ಲೇಖ ಪಡೆದವರನ್ನೆಲ್ಲ ಶಂಕಿಸಲಿಕ್ಕಲ್ಲ. ಉಲ್ಲೇಖವೆಂದರೆ ಒಪ್ಪಿಗೆಯೂ ಅಲ್ಲ, ಪರಿಶೀಲನೆಯೂ ಅಲ್ಲ ಎಂದು ಹೇಳಲಿಕ್ಕೆ. ಖಂಡಿಸಿ ಬರೆದರೂ ಒಂದು ಅಂಕ ಕೂಡುತ್ತದೆ.

ಕರ್ನಾಟಕದ ಓದುಗರಿಗೆ ನಿಜವಾಗಿ ತಟ್ಟುವ ನರವಿಜ್ಞಾನ ಬೇರೆಯೇ ಇದೆ. ತಲೆಯ ಮೇಲೆ ಬಿಸಿನೀರು ಹೊಯ್ದುಕೊಂಡಾಗ ಬರುವ ಮೂರ್ಛೆಯ ವಿಚಾರ ಮೈಸೂರು, ಮಂಡ್ಯ ಕಡೆಯವರಿಗೆ ಹೊಸದಲ್ಲ. ಹಂಡೆಯ ನೀರನ್ನು ಚೊಂಬಿನಿಂದ ಮೊಗೆದು ಬಿಡುವಿಲ್ಲದೆ ತಲೆಗೆ ಸುರಿದುಕೊಳ್ಳುವ ನಮ್ಮ ಸ್ನಾನದ ರೀತಿಗೂ ಈ ಕಾಯಿಲೆಗೂ ನಂಟಿದೆ. ಪ್ರಪಂಚದ ಬಹುತೇಕ ಕಡೆ ಇದು ತೀರ ಅಪರೂಪ, ದಕ್ಷಿಣ ಕರ್ನಾಟಕದಲ್ಲಿ ಅಲ್ಲ. ಬೆಂಗಳೂರಿನ ನರವೈದ್ಯ ಕೆ.ಎಸ್. ಮಣಿ ಮತ್ತು ಸಂಗಡಿಗರು 1960ರ ದಶಕದಲ್ಲೇ ಇದರ ಬಗ್ಗೆ ಬರೆದರು; ನಿಮ್ಹಾನ್ಸ್‌ನ ಪಿ. ಸತೀಶ್‌ಚಂದ್ರ ಮತ್ತು ತಂಡದವರು ದೊಡ್ಡ ಸಂಖ್ಯೆಯ ರೋಗಿಗಳನ್ನು ಪರೀಕ್ಷಿಸಿ 1988ರಲ್ಲಿ ಸಮಗ್ರವಾಗಿ ಪ್ರಕಟಿಸಿದರು. ನೀರಿನ ಬಿಸಿ ಇಳಿಸಿದರೆ, ಅಗತ್ಯವಿದ್ದವರಿಗೆ ವೈದ್ಯರು ಔಷಧ ಕೊಟ್ಟರೆ, ಎಷ್ಟೋ ಜನ ನೆಮ್ಮದಿಯಾಗಿ ಸ್ನಾನ ಮಾಡಬಲ್ಲರು ಎಂದು ಗೊತ್ತಾದದ್ದು ಇಂಥ ಕೆಲಸದಿಂದ. ಮಣಿ ಅವರೇ ಚಾಮರಾಜನಗರ ಜಿಲ್ಲೆಯ ಯಳಂದೂರಿನ ಹಳ್ಳಿಗಳಲ್ಲಿ, ಅಗ್ಗದ ಹಳೆಯ ಮಾತ್ರೆಗಳಿಂದಲೇ ಮೂರ್ಛೆರೋಗವನ್ನು ಹತೋಟಿಯಲ್ಲಿಡಬಹುದು ಎಂದು ತೋರಿಸಿದ ಅಧ್ಯಯನ 2001ರಲ್ಲಿ ವೈದ್ಯಕೀಯ ನಿಯತಕಾಲಿಕ ಲ್ಯಾನ್ಸೆಟ್‌ನಲ್ಲಿ ಬಂತು. ಜಗತ್ತಿನಲ್ಲಿ ಬಿಸಿನೀರಿನ ಮೂರ್ಛೆಯ ಮೇಲೆ ಕೆಲಸ ಮಾಡುವವರು ಕೈಬೆರಳೆಣಿಕೆಯಷ್ಟು ಮಂದಿಯಾದಾಗ ಉಲ್ಲೇಖಿಸುವವರಾದರೂ ಎಲ್ಲಿಂದ ಬರಬೇಕು? ಆ ಪ್ರಬಂಧದ ಪ್ರಭಾವವನ್ನು ಬಚ್ಚಲುಮನೆಯಲ್ಲಿ ನೋಡಬೇಕು.

ಅಂಕಿಗಳ ಈ ಮೋಹಕ್ಕೆ ಪತ್ರಿಕೆಗಳನ್ನಷ್ಟೇ ದೂರುವುದು ನ್ಯಾಯವಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2010ರಲ್ಲಿ ಅಧ್ಯಾಪಕರ ಬಡ್ತಿಗೆ ಅಂಕ ಪದ್ಧತಿ ತಂದ ಮೇಲೆ ಕಾಲೇಜುಗಳಲ್ಲಿ ಏನಾಯಿತು ಎಂಬುದನ್ನು ನಾನು ಒಳಗಿನಿಂದ ಕಂಡಿದ್ದೇನೆ. ನನ್ನ ಕಿರಿಯ ಸಹೋದ್ಯೋಗಿಯೊಬ್ಬರು ಮಲೆನಾಡಿನ ಹಳ್ಳಗಳ ಕಪ್ಪೆಗಳ ಮೇಲೆ ನಾಲ್ಕು ಮಳೆಗಾಲ ನೆನೆದು ಮಾಡಿದ ಒಳ್ಳೆಯ ಕೆಲಸವನ್ನು, ಹಲಸಿನ ಹಣ್ಣನ್ನು ತೊಳೆ ತೊಳೆ ಬಿಡಿಸಿ ಮಾರಿದಂತೆ, ಐದು ತುಂಡು ಮಾಡಿ ಐದು ಕಡೆ ಅಚ್ಚು ಹಾಕಿಸಿದರು. ಅವುಗಳಲ್ಲಿ ಎರಡಕ್ಕೆ ದುಡ್ಡು ಕಟ್ಟಿದ್ದರು. ಒಂದು ವಾರದಲ್ಲಿ ಪ್ರಕಟಣೆ ಖಾತರಿ ಎಂಬ ಇಮೇಲ್ ನನಗೂ ಬರುತ್ತಿತ್ತು. ಬಡ್ತಿಯೇನೋ ಸಿಕ್ಕಿತು, ಇಡೀ ಹಣ್ಣಿನ ರುಚಿ ಮಾತ್ರ ಯಾರಿಗೂ ಸಿಗಲಿಲ್ಲ. ಪಿಎಚ್‌.ಡಿಗೆ ಮೊದಲು ಪ್ರಬಂಧ ಪ್ರಕಟಿಸಲೇಬೇಕೆಂಬ ನಿಯಮವನ್ನು 2022ರಲ್ಲಿ ಯುಜಿಸಿ ಕೈಬಿಟ್ಟಿತು. ಆದರೆ ಸಂಸ್ಥೆಗಳ ರ‍್ಯಾಂಕಿಂಗ್‌ನಲ್ಲಿ ಪ್ರಕಟಣೆ ಮತ್ತು ಉಲ್ಲೇಖದ ಎಣಿಕೆ ಇದ್ದೇ ಇದೆ, ಹಾಗಾಗಿ ಪತ್ರಿಕಾ ಕಚೇರಿಗೆ ಅಭಿನಂದನೆಯ ಪ್ರಕಟಣೆ ಬರುವುದೂ ನಿಲ್ಲುವುದಿಲ್ಲ.

ಇನ್ನೊಂದು ಮಾತು ಭಾಷೆಯ ಬಗ್ಗೆ. ನರಮಂಡಲವು ಬಿಡಿಬಿಡಿ ಕೋಶಗಳಿಂದ ಆಗಿದೆ ಎಂದು ಚಿತ್ರ ಬರೆದು ತೋರಿಸಿದ ಸ್ಪೇನಿನ ರಮೋನ್ ಇ ಕಾಹಾಲ್ 1888ರಲ್ಲಿ ತಮ್ಮದೇ ದುಡ್ಡಿನಿಂದ, ಸ್ಪ್ಯಾನಿಷ್ ಭಾಷೆಯಲ್ಲಿ, ಪತ್ರಿಕೆಯೊಂದನ್ನು ಹೊರಡಿಸಿ ಅದರಲ್ಲಿ ಬರೆದರು. ಅಚ್ಚಾದದ್ದು ಅರವತ್ತೇ ಪ್ರತಿ. ಹೊರಗಿನವರು ಯಾರೂ ಓದುತ್ತಿಲ್ಲವೆಂದು 1889ರಲ್ಲಿ ಗಾಜಿನ ಸ್ಲೈಡುಗಳನ್ನು ಹೊತ್ತು ಬರ್ಲಿನ್ನಿಗೆ ಹೋದರು; ಅಲ್ಲಿ ಹಿರಿಯ ವಿಜ್ಞಾನಿ ಕೋಲಿಕರ್ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಿ ಬೆರಗಾದರು, ಆಮೇಲೆ ಕಾಹಾಲ್ ಅವರನ್ನು ಓದಲೆಂದೇ ಸ್ಪ್ಯಾನಿಷ್ ಕಲಿತರು. ಇವತ್ತು ನರಕೋಶ ಎಂಬ ಪದ ಬಳಸುವಾಗ ಯಾರೂ ಕಾಹಾಲ್ ಅವರನ್ನು ಉಲ್ಲೇಖಿಸುವುದಿಲ್ಲ, ಅಷ್ಟರಮಟ್ಟಿಗೆ ಅದು ಎಲ್ಲರ ಸೊತ್ತಾಗಿದೆ. ನಮ್ಮ ವಿಜ್ಞಾನಿಯೊಬ್ಬರು ಕನ್ನಡದಲ್ಲಿ ಬರೆದ ಲೇಖನಕ್ಕೂ ಸೂಚ್ಯಂಕದಲ್ಲಿ ಜಾಗವಿಲ್ಲ. ಹಾಗಿರುವಾಗ ಕನ್ನಡ ಪತ್ರಿಕೆಯೇ ಆ ಇಂಗ್ಲಿಷ್ ಸೂಚ್ಯಂಕದ ಅಂಕಿಯನ್ನಷ್ಟೇ ಅಚ್ಚು ಹಾಕಿ ಸುಮ್ಮನಾದರೆ ಕನ್ನಡದಲ್ಲಿ ಆ ವಿಜ್ಞಾನ ಹೇಳುವವರು ಯಾರು?

ಹಾಗಾಗಿ ನನ್ನ ಕೋರಿಕೆ ಇಷ್ಟು. ಪಟ್ಟಿಯ ಸುದ್ದಿ ಹಾಕಿ, ಬೇಡವೆನ್ನುವುದಿಲ್ಲ; ಅದು ವೃತ್ತಿಜೀವನದ ಪಟ್ಟಿಯೋ ಒಂದು ವರ್ಷದ ಪಟ್ಟಿಯೋ ಎಂದು ತಿಳಿಸಿ, ‘ಸ್ಟ್ಯಾನ್‌ಫೋರ್ಡ್ ಗೌರವ’ ಎಂಬ ಪದವನ್ನು ಕೈಬಿಡಿ. ಅದರ ಜೊತೆಗೆ ಆ ವಿಜ್ಞಾನಿಗೆ ಒಂದು ಫೋನ್ ಮಾಡಿ, ನಿಮ್ಮ ಅತಿ ಮುಖ್ಯ ಶೋಧ ಯಾವುದು, ಅದನ್ನು ಹತ್ತನೆಯ ತರಗತಿಯ ಮಗುವಿಗೆ ಹೇಗೆ ಹೇಳುತ್ತೀರಿ ಎಂದು ಕೇಳಿ, ಉತ್ತರವನ್ನು ನಾಲ್ಕು ಸಾಲಿನಲ್ಲಿ ಹಾಕಿ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ವಯಸ್ಸಾದವರ ಮೆದುಳು ಹೇಗೆ ಬದಲಾಗುತ್ತದೆ ಎಂದು ತಿಳಿಯಲು, ಹತ್ತು ಸಾವಿರ ಮಂದಿಯನ್ನು ವರ್ಷಾನುವರ್ಷ ಪರೀಕ್ಷಿಸುವ ಗುರಿಯಿಟ್ಟುಕೊಂಡು ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರದವರು ಕೆಲಸ ಮಾಡುತ್ತಿದ್ದಾರೆ. ಅದರ ಫಲ ಕಾಣಲು ದಶಕಗಳೇ ಬೇಕು. ಅಲ್ಲಿಗೊಬ್ಬ ವರದಿಗಾರರನ್ನು ಕಳಿಸಿ. ಪರಿಭಾಷೆ ತೊಡಕಾದರೆ, ತಿದ್ದಿಕೊಡಲು ನನ್ನಂಥ ನಿವೃತ್ತ ಅಧ್ಯಾಪಕರು ಪ್ರತಿ ಜಿಲ್ಲೆಯಲ್ಲೂ ಇದ್ದೇವೆ, ಸಂಭಾವನೆ ಬೇಡ, ಮಧ್ಯಾಹ್ನ ಮೂರರ ಮೇಲೆ ಯಾವಾಗಲಾದರೂ ಫೋನ್ ಮಾಡಬಹುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ, ಧಾರವಾಡ